ಚಂದ್ರಾ ಸಾಯಬೇಕಾಗಿರಲಿಲ್ಲ

ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಲ್ಲಿ ಹುಟ್ಟಿದ ಪುಟ್ಟಣ್ಣನವರು ಹೆಣ್ಣಿನ ಒಳಮನಸ್ಸನ್ನು ಕನ್ನಡ ತೆರೆಗೆ ತಂದರು ಎಂದು ನಮ್ಮ ಸೀಮೆಯವರು ಹೆಮ್ಮೆಪಡುತ್ತೇವೆ. ಹೆಮ್ಮೆ ಸರಿಯೇ. ಆದರೆ ಅವರ ಹೆಣ್ಣುಪಾತ್ರಗಳ ಗತಿ ಏನಾಯಿತೆಂದು ಒಮ್ಮೆ ಲೆಕ್ಕ ಹಾಕಿ ನೋಡಿ. ‘ಶರಪಂಜರ’ದ ಕಾವೇರಿ ಮತ್ತೆ ಮಾನಸಿಕ ಆಸ್ಪತ್ರೆ ಸೇರಿದಳು. ‘ನಾಗರಹಾವು’ ಚಿತ್ರದ ಮಾರ್ಗರೆಟ್ ರಾಮಾಚಾರಿಯೊಡನೆ ದುರ್ಗದ ಬೆಟ್ಟದಲ್ಲೇ ಕೊನೆಗೊಂಡಳು. ‘ಗೆಜ್ಜೆಪೂಜೆ’ಯ ಚಂದ್ರಾ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡಳು. ನಾವು ಮೂವರಿಗೂ ಅತ್ತೆವು. ಇವರು ಬದುಕಬಹುದಿತ್ತಲ್ಲ ಎಂದು ಮಾತ್ರ ಕೇಳಲಿಲ್ಲ.

ಚಂದ್ರಾಳನ್ನೇ ತೆಗೆದುಕೊಳ್ಳೋಣ. ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿದ ಈ ಚಿತ್ರ 1969ರದು. ಚಂದ್ರಾ ಆಗಿ ಕಲ್ಪನಾ, ತಾಯಿ ಅಪರ್ಣಾ ಆಗಿ ಲೀಲಾವತಿ. ವೇಶ್ಯೆಯ ಮನೆಯಲ್ಲಿ ಬೆಳೆದ ಅಪರ್ಣಾ ಮಗಳಿಗಾದರೂ ಆ ಬದುಕು ಬೇಡವೆಂದು ಅವಳನ್ನು ಓದಿಸುತ್ತಾಳೆ. ಚಂದ್ರಾ ಕೇಳಿದ್ದು ಅರಮನೆಯನ್ನಲ್ಲ. ತಾನು ಮೆಚ್ಚಿದ ಸೋಮುವಿನ ಕೈಹಿಡಿದು ಎಲ್ಲರಂತೆ ಒಂದು ಸಂಸಾರ. ಹೆತ್ತ ತಂದೆ ಎದುರಾಗುವ ಹೊತ್ತಿಗೆ ಅವನು ಬೇರೊಂದು ಮನೆಯ ಗೌರವಸ್ಥ ಯಜಮಾನ. ಅವನ ಜೊತೆ ಅವಳನ್ನು ಕಂಡ ಸೋಮು ತಪ್ಪು ತಿಳಿಯುತ್ತಾನೆ. ‘ಇವರು ನನ್ನ ತಂದೆ’ ಎಂದು ಹೇಳಿದ್ದರೆ ಸಾಕಿತ್ತು. ತಂದೆಯ ಮಾನ ಹೋದೀತೆಂದು ಹೇಳಲಿಲ್ಲ. ಗೆಜ್ಜೆಪೂಜೆಗೆ ಒಪ್ಪಿದಳು, ಆ ಪೂಜೆಯಲ್ಲೇ ಬದುಕು ಮುಗಿಸಿದಳು.

ಇದನ್ನು ನಾವು ತ್ಯಾಗ ಎಂದೆವು. ಯಾರಿಗಾಗಿ ಈ ತ್ಯಾಗ? ಹೆತ್ತು ಮರೆತವನ ಮರ್ಯಾದೆಗಾಗಿ. ಅವನ ಮರ್ಯಾದೆ ಉಳಿಯಿತು, ಮಗಳು ಉಳಿಯಲಿಲ್ಲ. ಇಂಥ ಲೆಕ್ಕವನ್ನು ಯಾವ ಸಂಘದ ಪುಸ್ತಕದಲ್ಲಾದರೂ ಒಪ್ಪುತ್ತೀರಾ?

ಚಂದ್ರಾ ಬದುಕಲು ಪವಾಡ ಬೇಕಿರಲಿಲ್ಲ. ತಂದೆ ನಾಲ್ಕು ಜನರ ಎದುರು ‘ಇವಳು ನನ್ನ ಮಗಳು’ ಎನ್ನಬಹುದಿತ್ತು. ಸೋಮು ಕಂಡದ್ದನ್ನೇ ನಂಬುವ ಬದಲು ಅವಳನ್ನು ಕೂರಿಸಿಕೊಂಡು ಕೇಳಬಹುದಿತ್ತು. ಇಬ್ಬರೂ ಕೈಬಿಟ್ಟರೂ, ಓದು ಕಲಿತ ಹುಡುಗಿಗೆ ಒಂದು ಶಾಲೆಯ ಕೆಲಸ, ಒಂದು ಬಾಡಿಗೆ ಕೋಣೆ ಸಾಕಿತ್ತು. ಮದುವೆ ತಪ್ಪಿದರೆ ಬದುಕೇ ತಪ್ಪಿತು ಎಂದು ಅವಳಿಗೆ ಕಲಿಸಿದವರು ಯಾರು? ಎಲ್ಲಕ್ಕಿಂತ ಮುಖ್ಯವಾಗಿ, ಅವಳಿಗೆ ಒಬ್ಬಳು ಗೆಳತಿ ಬೇಕಿತ್ತು. ಮನಸ್ಸಿನಲ್ಲಿದ್ದುದನ್ನು ಕೇಳಿಸಿಕೊಂಡು, ‘ನೀನು ಸಾಯಬೇಡ, ನಡಿ ನಮ್ಮ ಮನೆಗೆ’ ಎನ್ನುವವಳು.

ಗೆಳತಿ ಎಂದರೆ ಸಾಲದು, ಎಂಥ ಗೆಳತಿ ಎಂಬುದೂ ಮುಖ್ಯ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದವಳು. ‘ಕೆರೆಗೆ ಹಾರ’ ಕಥನಗೀತೆಯನ್ನು ಅನೇಕ ವರ್ಷ ಹೇಳಿಕೊಟ್ಟೆ. ಕೆರೆಗೆ ಬಲಿಯಾಗುವ ಮುಂಚೆ ಭಾಗೀರಥಿ ತನ್ನ ಸಂಕಟವನ್ನು ಗೆಳತಿಗೆ ಹೇಳಿಕೊಳ್ಳುತ್ತಾಳೆ. ಆ ಗೆಳತಿಯೂ ಅವರು ಇಟ್ಟ ಹಾಗೆ ಇರು ಎಂಬ ಬುದ್ಧಿಯನ್ನೇ ಹೇಳುತ್ತಾಳೆ. ಭಾಗೀರಥಿಯನ್ನು ಕೆರೆಗೆ ಕೊಟ್ಟವರು ಅತ್ತೆಮಾವಂದಿರು ನಿಜ. ಆದರೆ ಬದುಕುವ ಕೊನೆಯ ಬಾಗಿಲು ಮುಚ್ಚಿದ್ದು ಆ ಗೆಳತಿಯ ಮಾತು.

ಆ ಮಾತು ಇಂದಿಗೂ ನಮ್ಮ ಬಾಯಲ್ಲಿದೆ. ಹುಣಸೂರು, ಎಚ್.ಡಿ. ಕೋಟೆ ಕಡೆ ಹೊಗೆಸೊಪ್ಪಿನ ಹರಾಜು ಮುಗಿದ ಮೇಲೆ, ಕೆ.ಆರ್. ನಗರದಲ್ಲಿ ಭತ್ತದ ಸುಗ್ಗಿ ಕಳೆದ ಮೇಲೆ ಮದುವೆಯ ಮಾತು ಶುರುವಾಗುತ್ತದೆ. ಅದರ ಹಿಂದೆಯೇ ಒಡವೆ, ಬೈಕು, ರೊಕ್ಕದ ಮಾತು. ಕೊಟ್ಟದ್ದು ಸಾಲದೆಂದು ಏಟು ತಿಂದ ಮಗಳು ತವರಿಗೆ ಬಂದರೆ ನಾವು ಹೇಳುವುದೇನು? ‘ತಂಗಿಗೆ ಗಂಡು ನೋಡ್ತಾ ಇದ್ದೀವಿ, ಅಲ್ಲೀಗಂಟ ತಡಕೋ ಕಣವ್ವ.’ ಚಂದ್ರಾ ತಂದೆಯ ಮಾನಕ್ಕೆ ಬಾಯಿ ಮುಚ್ಚಿಕೊಂಡಳು. ಈ ಮಗಳು ತಂಗಿಯ ಮದುವೆಗಾಗಿ ಬಾಯಿ ಮುಚ್ಚಿಕೊಳ್ಳಬೇಕು. ಎರಡರಲ್ಲಿ ಏನು ವ್ಯತ್ಯಾಸ?

ಚಂದ್ರಾಳ ಕಾಲಕ್ಕೆ ಇಲ್ಲದ ಕೆಲವು ಬಾಗಿಲುಗಳು ಈಗ ಇವೆ. ಹೆಣ್ಣುಮಕ್ಕಳನ್ನು ದೇವದಾಸಿ ಬಿಡುವುದನ್ನು ನಮ್ಮ ರಾಜ್ಯ 1982ರ ಕಾಯ್ದೆಯಲ್ಲಿ ನಿಷೇಧಿಸಿತು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರ, ಮನೆ ಯಾರ ಹೆಸರಿನಲ್ಲಿದ್ದರೂ ತಾನು ಸಂಸಾರ ಮಾಡಿದ ಮನೆಯಲ್ಲಿ ವಾಸಿಸುವ ಹಕ್ಕು ಹೆಂಡತಿಗಿದೆ. ಹೊಡೆಯಬಾರದು, ಖರ್ಚಿಗೆ ಕೊಡಬೇಕು ಎಂದು ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು. ಹಿಂಸೆ ನಿಲ್ಲಿಸೆಂಬ ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು. ಅರ್ಜಿ ಕೊಡಲು ಮೈಸೂರಿಗೇ ಹೋಗಬೇಕಿಲ್ಲ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ, ಅಂದರೆ ನಮ್ಮ ಅಂಗನವಾಡಿಗಳನ್ನು ನೋಡಿಕೊಳ್ಳುವ ಸಿ.ಡಿ.ಪಿ.ಓ. ಅವರೇ, ಸಂರಕ್ಷಣಾಧಿಕಾರಿಗಳು. ಹೆಣ್ಣುಮಕ್ಕಳಿಗೆ ಆದಾಯ ನೋಡದೆ ವಕೀಲರನ್ನು ಉಚಿತವಾಗಿ ಕೊಡಬೇಕೆಂದು 1987ರ ಕಾನೂನು ಸೇವೆಗಳ ಕಾಯ್ದೆ ಹೇಳುತ್ತದೆ. ಮಹಿಳಾ ಸಹಾಯವಾಣಿ 181. ಬದುಕೇ ಬೇಡವೆನಿಸಿದಾಗ ಮಾತಾಡಲು 14416, ಇದಕ್ಕೂ ದುಡ್ಡಿಲ್ಲ.

ಕಾನೂನು ಇದ್ದರೆ ಸಾಕೇ ಎಂದು ನೀವು ಕೇಳುತ್ತೀರಿ. ಸಾಲದು. ಅಳುತ್ತಿರುವವಳು ಒಬ್ಬಳೇ ಎದ್ದು ಕಚೇರಿಗೆ ಹೋಗಲಾರಳು. ಕೈಹಿಡಿದು ಕರೆದೊಯ್ಯುವವರು ಬೇಕು. ವಾರವಾರ ಉಳಿತಾಯ ಕಟ್ಟುವ ಸಂಘಕ್ಕೆ ಹದಿನೈದು ಇಪ್ಪತ್ತು ಜೊತೆ ಕಣ್ಣುಗಳಿವೆ. ಯಾರ ತೋಳಿನ ಮೇಲೆ ಬಾಸುಂಡೆ ಇದೆ, ಯಾರ ಕೊರಳಿನ ಸರ ಕಾಣೆಯಾಗಿದೆ, ಯಾರು ಎರಡು ವಾರದಿಂದ ಸಭೆಗೆ ಬಂದಿಲ್ಲ ಎಂಬುದು ಪೊಲೀಸರಿಗಿಂತ ಮೊದಲು ಗೊತ್ತಾಗುವುದು ನಮಗೆ. ಕಂತು ಬಾಕಿಯಾದರೆ ಅವಳ ಮನೆಗೆ ಹೋಗಿ ವಿಚಾರಿಸುತ್ತೇವಲ್ಲ, ಅವಳೇ ಬಾರದಿದ್ದಾಗಲೂ ಹೋಗೋಣ. ಒಬ್ಬರೇ ಬೇಡ, ನಾಲ್ವರು ಹೋಗೋಣ. ‘ಅದು ಅವರ ಮನೆ ವಿಷಯ’ ಎಂಬ ಮಾತನ್ನು ಸಂಘದ ಹೊಸ್ತಿಲಾಚೆ ಬಿಟ್ಟು ಬರೋಣ.

ಚಂದ್ರಾ ಬದುಕಿದ್ದರೆ ಆ ಚಿತ್ರ ಮನಸ್ಸಿಗೆ ಹಾಗೆ ನಾಟುತ್ತಿತ್ತೆ ಎಂದು ಕೇಳುವವರಿದ್ದಾರೆ. ಇರಬಹುದು, ಅವಳ ಸಾವಿನಿಂದ ಸಮಾಜದ ಕೆನ್ನೆಗೆ ಹೊಡೆಯುವುದೇ ಪುಟ್ಟಣ್ಣನವರ ಉದ್ದೇಶವಿದ್ದೀತು. ಆದರೆ ಅದೇ ಇಂದಿರಾ ಅವರು 1976ರಲ್ಲಿ ‘ಫಣಿಯಮ್ಮ’ ಬರೆದರು. ಅದನ್ನು ಪ್ರೇಮಾ ಕಾರಂತರು ಚಿತ್ರ ಮಾಡಿದರು. ಬಾಲ್ಯದಲ್ಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ಎಲ್ಲ ಸುಖ ಕಳೆದುಕೊಂಡ ಫಣಿಯಮ್ಮ ಸಾಯಲಿಲ್ಲ. ನೂರು ದಾಟಿ ಬದುಕಿದಳು. ಹೆರಿಗೆಯಲ್ಲಿ ನರಳುತ್ತಿದ್ದವಳನ್ನು ಜಾತಿ ನೋಡದೆ ಉಳಿಸಿದಳು. ಅವಳ ಕಥೆಯೇನು ಕಡಿಮೆ ನಾಟಿತೇ?

ಸತ್ತ ಹೆಣ್ಣನ್ನು ದೇವತೆ ಮಾಡುವುದು ಸುಲಭ; ಅವಳಿಗೆ ಊಟ ಬೇಡ, ಜಾಗ ಬೇಡ, ಪಾಲು ಬೇಡ. ಬದುಕಿರುವವಳಿಗೆ ಇವೆಲ್ಲ ಬೇಕು. ತವರಿನಲ್ಲಿ ಒಂದು ಕೋಣೆ, ತಟ್ಟೆಯಲ್ಲಿ ಒಂದು ಮುದ್ದೆ, ಸಂಘದಲ್ಲಿ ಒಂದು ಸಾಲ, ಕಚೇರಿಗೆ ಜೊತೆಯಲ್ಲಿ ಬರುವ ಒಬ್ಬಳು ಅಕ್ಕ. ತಂಗಿಯ ಮದುವೆ ತಡವಾದರೆ ಆಗಲಿ. ಅಕ್ಕ ಉಳಿಯಲಿ.