ಹೆಸರಿಲ್ಲದ ಜ್ವರ, 7 ತಿಂಗಳ ಮಗಳು

ನನ್ನವಳಿಗೆ 11 ದಿನ ಬಿಡದ ಜ್ವರ. ಡೆಂಗಿ ಅಲ್ಲ, ಮಲೇರಿಯಾ ಅಲ್ಲ, ಟೈಫಾಯ್ಡೂ ಅಲ್ಲ. ನೋಡೋಕೆ ಬಂದವರೆಲ್ಲ ಒಂದೊಂದು ಕಾಯಿಲೆ ಹೆಸರು ಹೇಳಿ ಹೋದ್ರು. 7 ತಿಂಗಳ ಮಗಳನ್ನ ಒಂದು ಗಂಟೆ ಎತ್ತಿಕೊಳ್ತೀನಿ ಅಂದದ್ದು ಪಕ್ಕದ್ಮನೆ ಅಜ್ಜಿ ಮಾತ್ರ. ರಾಗಿ ಸರಿ ಗಂಟಾಗದ ಹಾಗೆ ಕಾಯಿಸೋದು ಕಲಿಸಿದ್ದೂ ಅವರೇ. (ಅಲ್ಲೀವರೆಗೂ ನಾನು ‘ಸಹಾಯ ಮಾಡೋ ಗಂಡ’ ಅಂತ ಬೀಗ್ತಿದ್ದೆ!)

ಕೊನೆಗೆ ಡ್ಯೂಟಿ ಡಾಕ್ಟರೊಬ್ಬರು ಕಂಕುಳಲ್ಲಿ ಕಪ್ಪು ಹಕ್ಕಳೆ ಕಂಡು ಹಿಡಿದ್ರು: ಸ್ಕ್ರಬ್ ಟೈಫಸ್. ಪುಟಾಣಿ ನುಸಿ ಕಚ್ಚಿ ಬರೋದು, ಡಾಕ್ಸಿಸೈಕ್ಲಿನ್‌ಗೆ ಬಗ್ಗತ್ತೆ. ನೋವಿಲ್ಲದ ಗಾಯ, ಅವಳಿಗೇ ಗೊತ್ತಿರಲಿಲ್ಲ. ಎಲ್ಲರಲ್ಲೂ ಈ ಗುರುತು ಕಾಣಲ್ಲ, ನಿಜ. ಆದ್ರೂ ಬಿಡದ ಜ್ವರ ಅಂದಾಗ ಮೊದಲೇ ಮೈ ಪೂರ್ತಿ ಯಾಕೆ ನೋಡಬಾರದು, ನೀವೇ ಹೇಳಿ.

ಈಗ ಹುಷಾರಾಗಿದ್ದಾಳೆ. ಮಗಳು ಮಾತ್ರ ಸರಿ ತಿನ್ನೋಕೆ ನನ್ನ ಹತ್ರಾನೇ ಬರ್ತಾಳೆ. ಅಮ್ಮನಿಗೆ ಸ್ವಲ್ಪ ಹೊಟ್ಟೆಕಿಚ್ಚು...