ಪಾತ್ರೆಯ ತೂಕವೂ ಮುಚ್ಚಳದ ಬೆಲೆಯೂ

ರಜೆ ಬಂದೊಡನೆ ನಮ್ಮ ವಿದ್ಯಾರ್ಥಿಗಳು ಬೆಟ್ಟಗಳ ಕಡೆಗೆ ಹೊರಡುವುದು ಸಂತೋಷದ ವಿಷಯ. ಈಚೆಗೆ ಹಾಗೆ ಹಿಮಾಲಯಕ್ಕೆ ಹೊರಟಿದ್ದ ಒಬ್ಬನು ನಮ್ಮಲ್ಲಿಗೆ ಬಂದು, ಬೆನ್ನುಚೀಲದಲ್ಲಿ ಒಯ್ಯಲು ಟೈಟೇನಿಯಂ ಪಾತ್ರೆಯೊಂದನ್ನು ಕೊಳ್ಳುವೆನೆಂದೂ, ಅದಕ್ಕಾಗಿ ಎರಡು ತಿಂಗಳ ಕೈಖರ್ಚನ್ನು ಉಳಿಸಿರುವೆನೆಂದೂ ತಿಳಿಸಿದನು. ಮನೆಯಲ್ಲಿ ಅಲ್ಯೂಮಿನಿಯಂ ಪಾತ್ರೆ ಇಲ್ಲವೇ ಎಂದು ಕೇಳಿದೆವು, ಇದೆಯೆಂದನು. ಅದನ್ನು ತೂಗಿ ನೋಡಿದ್ದೀಯಾ ಎಂದೆವು; ಇಲ್ಲವೆಂದನು. ತಪ್ಪು ಆರಂಭವಾಗುವುದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ.

ಟೈಟೇನಿಯಂ ಅಲ್ಯೂಮಿನಿಯಂಗಿಂತ ಹಗುರವಾದ ಲೋಹವೆಂದು ಅನೇಕರು ತಿಳಿದಿದ್ದಾರೆ. ವಾಸ್ತವವಾಗಿ ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ 4.5 ಗ್ರಾಂ, ಅಲ್ಯೂಮಿನಿಯಂನದು 2.7 ಮಾತ್ರ. ಟೈಟೇನಿಯಂ ಬಹು ಗಟ್ಟಿಯಾದುದರಿಂದ ಅದನ್ನು ತೀರ ತೆಳ್ಳಗೆ ತಟ್ಟಬಹುದು. ಪಾತ್ರೆ ಹಗುರವಾಗುವುದು ಈ ಕಾರಣದಿಂದ. ಒಂದು ಪಾತ್ರೆ 150 ಗ್ರಾಂ, ಇನ್ನೊಂದು 100 ಗ್ರಾಂ ಇದೆಯೆಂದು ಇಟ್ಟುಕೊಳ್ಳೋಣ. ಉಳಿತಾಯ 50 ಗ್ರಾಂ.

ಈಗ ಒಲೆಯ ಕಡೆಗೆ ತಿರುಗೋಣ. ಒಂದು ಲೀಟರು ನೀರನ್ನು 20 ಡಿಗ್ರಿಯಿಂದ 100 ಡಿಗ್ರಿ ಸೆಂಟಿಗ್ರೇಡಿಗೆ ಏರಿಸಲು 80,000 ಕ್ಯಾಲೊರಿ ಉಷ್ಣ ಬೇಕು. ಅಲ್ಯೂಮಿನಿಯಂ ಪಾತ್ರೆ ತನಗಾಗಿ ಹೀರುವುದು ಸುಮಾರು 2,600 ಕ್ಯಾಲೊರಿ. ಇದು ಲೆಕ್ಕಕ್ಕಿಲ್ಲದ ಅಂಶ. ಆದರೆ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 540 ಕ್ಯಾಲೊರಿ ಗುಪ್ತೋಷ್ಣ ಬೇಕು. ಮುಚ್ಚಳವಿಲ್ಲದೆ ಕುದಿಸುತ್ತ 100 ಗ್ರಾಂ ನೀರನ್ನು ಗಾಳಿಗೆ ಬಿಟ್ಟೆವಾದರೆ 54,000 ಕ್ಯಾಲೊರಿ ಹಾರಿಹೋಗುತ್ತದೆ! ಬ್ಯುಟೇನ್ ಅನಿಲದ ಒಂದು ಗ್ರಾಂ ಉರಿದರೆ ಸುಮಾರು 11,000 ಕ್ಯಾಲೊರಿ ದೊರೆಯುವುದು. ಅದರಲ್ಲಿ ಅರ್ಧ ಪಾತ್ರೆಗೆ ಸೇರಿತೆಂದರೂ, ಹಾರಿಹೋದ ಉಷ್ಣಕ್ಕೆ ತಗಲಿದ ಅನಿಲ ಹತ್ತು ಗ್ರಾಂ. ಐದು ಸಲ ಹೀಗೆ ಅಡುಗೆ ಮಾಡಿದರೆ ಟೈಟೇನಿಯಂ ಉಳಿಸಿದ 50 ಗ್ರಾಂ ಇಂಧನದ ರೂಪದಲ್ಲಿ ಮತ್ತೆ ಬೆನ್ನೇರುತ್ತದೆ. ಬಿಗಿಯಾದ ಮುಚ್ಚಳವಿದ್ದರೆ ಆವಿಯ ಬಹುಭಾಗ ಅಲ್ಲಿಯೇ ತಣಿದು ಕೆಳಗಿಳಿಯುವುದು. ಸಣ್ಣ ಉರಿಯೇ ಸಾಕಾಗುವುದು.

ಎತ್ತರದ ಸ್ಥಳಗಳಲ್ಲಿ ಈ ಮಿತವ್ಯಯ ಇನ್ನೂ ಅಗತ್ಯ. 1,712 ಮೀಟರ್ ಎತ್ತರದ ನಮ್ಮ ಕುಮಾರಪರ್ವತದ ನೆತ್ತಿಯಲ್ಲಿ ನೀರು ಸುಮಾರು 94 ಡಿಗ್ರಿಯಲ್ಲಿ ಕುದಿಯುವುದು. ಹಿಮಾಲಯದಲ್ಲಿ 4,500 ಮೀಟರ್ ಏರಿದರೆ ಸುಮಾರು 85 ಡಿಗ್ರಿಯಲ್ಲಿ. ಅಲ್ಲಿ ಅಕ್ಕಿ ಬೇಗನೆ ಬೇಯದು, ಬೇಳೆಯಂತೂ ಹಟ ಹಿಡಿಯುವುದು. ಅಭಯಾರಣ್ಯದಲ್ಲಿ ಸೌದೆಗೆ ಕೈ ಹಾಕುವಂತಿಲ್ಲ, ಹಾಕಲೂ ಬಾರದು. ಹೊತ್ತ ಇಂಧನ ತೀರಿದರೆ ಆ ಚಳಿಯಲ್ಲಿ ಬಿಸಿನೀರಿಗೂ ಗತಿಯಿಲ್ಲ.

ಇನ್ನು ಉಷ್ಣವಾಹಕತೆ. ಶುದ್ಧ ಅಲ್ಯೂಮಿನಿಯಂ ಟೈಟೇನಿಯಂಗಿಂತ ಸುಮಾರು ಹತ್ತು ಪಟ್ಟು, ಸ್ಟೇನ್‌ಲೆಸ್ ಉಕ್ಕಿಗಿಂತ ಸುಮಾರು ಹದಿನೈದು ಪಟ್ಟು ಚೆನ್ನಾಗಿ ಉಷ್ಣವನ್ನು ಸಾಗಿಸುತ್ತದೆ. ನೀರನ್ನು ಮಾತ್ರ ಕಾಯಿಸುವವನಿಗೆ ಇದರಿಂದ ಹೆಚ್ಚು ವ್ಯತ್ಯಾಸವಿಲ್ಲ, ಏಕೆಂದರೆ ನೀರು ತಾನೇ ಸುತ್ತಾಡಿ ಉಷ್ಣವನ್ನು ಹಂಚುತ್ತದೆ. ಉಪ್ಪಿಟ್ಟು ಮಾಡುವವನ ಪಾಡು ಬೇರೆ. ತೆಳ್ಳನೆಯ ಟೈಟೇನಿಯಂನಲ್ಲಿ ಜ್ವಾಲೆ ತಗಲಿದ ಕಡೆ ರವೆ ಸೀಯುತ್ತದೆ, ಅಂಚಿನಲ್ಲಿ ಹಸಿಯಾಗಿಯೇ ಉಳಿಯುತ್ತದೆ.

ಅಲ್ಯೂಮಿನಿಯಂಗೂ ದೋಷವಿಲ್ಲದಿಲ್ಲ. ಅದು ಬೇಗ ನೆಗ್ಗುತ್ತದೆ. ಹುಣಿಸೆಯ ಹುಳಿ ಅದನ್ನು ತಿನ್ನುತ್ತದೆ. ವಿದ್ಯುತ್ತಿನಿಂದ ಆಕ್ಸೈಡಿನ ಪದರವನ್ನು ದಪ್ಪಗೊಳಿಸಿದ ಪಾತ್ರೆ ಹುಳಿಯನ್ನು ಹೆಚ್ಚು ತಾಳಿಕೊಳ್ಳಬಲ್ಲದು. ಅನೇಕ ದಿನ ನಡೆಯುವವನೂ ನೀರನ್ನಷ್ಟೇ ಕಾಯಿಸುವವನೂ ಟೈಟೇನಿಯಂ ಕೊಂಡರೆ ನಾವು ಆಕ್ಷೇಪಿಸುವುದಿಲ್ಲ. ಮೊದಲ ಪ್ರವಾಸಕ್ಕೆ ಹೊರಟ ವಿದ್ಯಾರ್ಥಿಗೆ ಅಗಲವಾದ ತಳವೂ ಬಿಗಿಯಾದ ಮುಚ್ಚಳವೂ ಉಳ್ಳ ಅಲ್ಯೂಮಿನಿಯಂ ಪಾತ್ರೆಯೇ ಸಾಕು.

ನಮ್ಮ ಮಾತನ್ನು ನಂಬಬೇಕೆಂದಿಲ್ಲ. ಹೊರಡುವ ಮುನ್ನ ನಿಮ್ಮ ಒಲೆಯ ಮೇಲೆ ಅಷ್ಟೇ ಅಕ್ಕಿಯನ್ನು ಒಮ್ಮೆ ಮುಚ್ಚಳವಿಟ್ಟು, ಒಮ್ಮೆ ತೆರೆದು ಬೇಯಿಸಿರಿ. ಪ್ರತಿಸಲವೂ ಅನಿಲದ ಡಬ್ಬಿಯನ್ನು ತೂಗಿ ನೋಡಿರಿ. ಆ ವಿದ್ಯಾರ್ಥಿಯು ಹೀಗೆಯೇ ತೂಗಿದನು. ಕೂಡಿಟ್ಟ ಹಣದಲ್ಲಿ ಒಳ್ಳೆಯ ಮಳೆಯಂಗಿಯೊಂದನ್ನು ಕೊಂಡನು.