ಹಳೆಯ ಪಿಕಪ್‌ಗೆ ಹೊಸ ಎಂಜಿನ್: ಆರ್.ಸಿ. ಪುಸ್ತಕದಲ್ಲಿ ಜಾಗವೆಲ್ಲಿ?

ಕಾಸರಗೋಡಿನ ಪೂರ್ವದ ಗಡಿಯಲ್ಲಿ, ಕರ್ನಾಟಕಕ್ಕೆ ತಾಗಿಕೊಂಡಿರುವ ಒಂದು ಅಡಿಕೆ ತೋಟ. ಅದರ ಅಂಗಳದಲ್ಲಿ ತಾರ್ಪಾಲು ಹೊದ್ದು ಒಂದು ಗಾಡಿ ನಿಂತಿದೆ. 1972ರ ಮಹೀಂದ್ರ, ಎಫ್.ಸಿ.-150 ಮಾದರಿಯ ಪಿಕಪ್. ಬಾನೆಟ್ ಎಂಬುದೇ ಇಲ್ಲದ ಚಪ್ಪಟೆ ಮುಖ, ಎಂಜಿನಿನ ಪಕ್ಕದಲ್ಲೇ ಚಾಲಕನ ಸೀಟು, ಹಿಂದೆ ಸರಕು ತುಂಬುವ ತೆರೆದ ತೊಟ್ಟಿ. ಈಗಿನ ಮಾಲೀಕರಿಗೆ ಇದು ಪುತ್ತೂರು ಕಡೆಯ ಸೋದರಮಾವನಿಂದ ಬಂದದ್ದು. ಮಂಗಳೂರಿನಲ್ಲಿ ನೋಂದಣಿಯಾದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಹಾಗಾಗಿ ನಂಬರ್ ಪ್ಲೇಟಿನಲ್ಲಿ ಇವತ್ತಿಗೂ ‘ಎಂವೈ’ ಅಕ್ಷರಗಳೇ ಇವೆ.

ಮಾಲೀಕರ ಆಸೆ ದೊಡ್ಡದೇನಲ್ಲ. ಮೈಕಟ್ಟು ಹಾಗೇ ಇರಲಿ, ಅಡಿಯ ಯಂತ್ರ ಮಾತ್ರ ಈಗಿನ ಕಾಲದ್ದಾಗಲಿ. ಎರಡೂವರೆ ಲೀಟರಿನ ಡೀಸೆಲ್ ಎಂಜಿನ್, ಐದು ಗೇರು, ಪವರ್ ಸ್ಟೇರಿಂಗ್, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್. ಗ್ಯಾರೇಜಿನ ಮೇಸ್ತ್ರಿ ಎಲ್ಲವನ್ನೂ ಕೇಳಿಸಿಕೊಂಡು ಹೇಳಿದ್ದು ಇಷ್ಟು: ‘ಅಣ್ಣೇರೇ, ಎಂಜಿನನ್ನು ಚಾಸಿಯಲ್ಲಿ ಕೂರಿಸ್ಲಿಕ್ಕೆ ನಂಗೆ ಒಂದು ತಿಂಗಳು ಸಾಕು. ಅದನ್ನು ಆರ್.ಸಿ.ಯಲ್ಲಿ ಕೂರಿಸ್ಲಿಕ್ಕೆ ಮಾತ್ರ ನನ್ನಿಂದ ಆಗುದಿಲ್ಲ.’

ಮೇಸ್ತ್ರಿ ಆಡಿದ ಈ ಮಾತಿನಲ್ಲಿ ಒಂದು ದೊಡ್ಡ ಪ್ರಶ್ನೆ ಅಡಗಿದೆ. ಹಳೆಯ ವಾಹನವನ್ನು ಒಂದೋ ಇದ್ದ ಹಾಗೇ ಇಟ್ಟುಕೊಳ್ಳಿ, ಇಲ್ಲವೇ ಗುಜರಿಗೆ ಹಾಕಿ ಎನ್ನುತ್ತದೆ ನಮ್ಮ ಕಾನೂನು. ಅದನ್ನು ಸುರಕ್ಷಿತವಾಗಿ ಮಾಡಿ ಬಳಸುತ್ತೇನೆ ಎನ್ನುವವನಿಗೆ ದಾರಿಯೇ ಇಲ್ಲ. ಇದು ಸರಿಯೇ?

ಬದಲಾವಣೆ ಏಕೆ ಬೇಕು?

ಹೊಸ ಪಿಕಪ್ ತಗೊಳ್ಳಬಹುದಲ್ಲ ಎಂದು ಪೇಟೆಯವರು ಕೇಳಬಹುದು. ಈ ಗಾಡಿಯ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 81 ಇಂಚು ಮಾತ್ರ. ತೋಟದ ಕಿರಿದಾದ ತಿರುವಿನಲ್ಲಿ, ಮಳೆಗಾಲದ ಕೆಸರಿನ ಏರಿನಲ್ಲಿ, ನಾಲ್ಕೂ ಚಕ್ರಕ್ಕೆ ಶಕ್ತಿ ಹರಿಯುವ ಇಷ್ಟು ಗಿಡ್ಡ ಸರಕು ಗಾಡಿ ಇಂದಿನ ಮಾರುಕಟ್ಟೆಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಅಡಿಕೆ ಮೂಟೆ, ಗೊಬ್ಬರ, ಸಿಮೆಂಟು ಹೊತ್ತದ್ದಲ್ಲದೆ, ಬಸ್ಸಿಲ್ಲದ ಕಾಲದಲ್ಲಿ ನಡುರಾತ್ರಿ ರೋಗಿಗಳನ್ನು ಹೊತ್ತದ್ದೂ ಇಂಥ ಗಾಡಿಗಳೇ.

ಆದರೆ ಹಳೆಯದೆಲ್ಲ ಒಳ್ಳೆಯದೆಂದು ಹೇಳುವಂತಿಲ್ಲ. ಇದರ ಮೂಲ ಎಂಜಿನ್ 2.2 ಲೀಟರಿನ ಹರಿಕೇನ್ ಪೆಟ್ರೋಲ್. ಮೂರೇ ಗೇರು. ಆಕ್ಸಲಿನ ಅನುಪಾತ 5.38. ಅಂದರೆ ಟಾಪ್ ಗೇರಿನಲ್ಲಿ ಚಕ್ರ ಒಂದು ಸುತ್ತು ತಿರುಗಲು ಎಂಜಿನ್ ಐದಕ್ಕಿಂತ ಹೆಚ್ಚು ಸುತ್ತು ತಿರುಗಬೇಕು. ಗಂಟೆಗೆ 60 ಕಿಲೋಮೀಟರ್ ಓಡಿದರೆ ಎಂಜಿನ್ ನಿಮಿಷಕ್ಕೆ ಸುಮಾರು 2,400 ಸುತ್ತು ತಿರುಗುತ್ತಿರುತ್ತದೆ. 80ಕ್ಕೆ ಹೋದರೆ 3,200. ಹೆದ್ದಾರಿಯಲ್ಲಿ ಇಂದಿನ ವಾಹನಗಳ ಜತೆ ಹೋಗಲು ಇದು ಹೇಳಿಸಿದ್ದಲ್ಲ. ಪೆಟ್ರೋಲಿನ ಖರ್ಚು ಬೇರೆ.

ಬ್ರೇಕಿನ ಕತೆ ಇನ್ನೂ ಗಂಭೀರ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಎಲ್ಲಕ್ಕೂ ಸೇರಿ ಆಯಿಲಿನ ಒಂದೇ ಸಾಲು. ಎಲ್ಲಾದರೂ ಒಂದು ಪೈಪು ಸೋರಿತೋ, ಪೆಡಲ್ ಒಮ್ಮೆಲೇ ನೆಲ ಮುಟ್ಟುತ್ತದೆ. ಹ್ಯಾಂಡ್‌ಬ್ರೇಕು ಹಿಡಿಯುವುದು ಚಕ್ರವನ್ನಲ್ಲ, ಪ್ರೊಪೆಲ್ಲರ್ ಶಾಫ್ಟನ್ನು. ಶಾಫ್ಟಿನ ಜಾಯಿಂಟ್ ಮುರಿದರೆ ಅದೂ ಇಲ್ಲ. ಇಂದಿನ ವಾಹನಗಳಲ್ಲಿ ಆಯಿಲಿಗೆ ಎರಡು ಸಾಲುಗಳಿರುತ್ತವೆ, ಒಂದು ಕೈಕೊಟ್ಟರೂ ಇನ್ನೊಂದು ಹಿಡಿಯುತ್ತದೆ. ಸತ್ಯಮಂಗಲದಿಂದ ತಾಳವಾಡಿಗೆ ಹೋಗುವ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಅಲ್ಲಿ ಓಡಾಡುವ ನಮ್ಮ ಕನ್ನಡಿಗರಿಗೆ ಈ ಎರಡರ ನಡುವಿನ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಎಫ್.ಸಿ. ಮಾದರಿಗೆ ಮೊದಲೇ ಮುಂಭಾಗದ ಭಾರ ಹೆಚ್ಚು. ಎಂಜಿನ್, ಚಾಲಕ ಎಲ್ಲ ಮುಂದಿನ ಆಕ್ಸಲಿನ ಮೇಲೇ. ತೊಟ್ಟಿ ಖಾಲಿಯಿದ್ದಾಗ ಇಳಿಜಾರಿನಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಹಗುರಾಗಿ ಜಾರುತ್ತದೆ. ಅಲ್ಲಿಗೆ ಇನ್ನೂ ಭಾರದ ಡೀಸೆಲ್ ಎಂಜಿನ್ ತಂದು ಕೂರಿಸಿದರೆ ಗತಿಯೇನು? ಮೊದಲು ಚಾಸಿಯ ತುಕ್ಕು ಮತ್ತು ಬಿರುಕು, ಆಮೇಲೆ ಬ್ರೇಕು, ಆಮೇಲೆ ಸ್ಟೇರಿಂಗ್, ಕೊನೆಗೆ ಎಂಜಿನ್. ಕೆಲಸದ ಕ್ರಮ ಇದು. ಅನೇಕ ಗ್ಯಾರೇಜುಗಳಲ್ಲಿ ನಡೆಯುವುದು ಉಲ್ಟಾ. ನಮ್ಮ ಮೇಸ್ತ್ರಿಯೇ ಒಪ್ಪಿಕೊಂಡರು: ‘ಗಾಡಿ ಓಡಿಸುದು ಸುಲಭ, ನಿಲ್ಲಿಸುದು ಕಷ್ಟ.’

ಕಾನೂನು ಏನು ಹೇಳುತ್ತದೆ?

ಸೋದರಮಾವನ ಕಾಲದಲ್ಲಿ, 1980ರ ದಶಕದಲ್ಲಿ, ಈ ಗಾಡಿಯ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಹಾಕಲಾಗಿತ್ತು. ಆಗ ಅದು ವಿಶೇಷವೇನಲ್ಲ. 1939ರ ಮೋಟಾರು ವಾಹನ ಕಾಯಿದೆಯಡಿ ಅಧಿಕಾರಿಯ ಒಪ್ಪಿಗೆ ಪಡೆದು ಬದಲಾಯಿಸುವ ದಾರಿಯಿತ್ತು. ಆರ್.ಸಿ. ಪುಸ್ತಕದಲ್ಲಿ ಹೊಸ ಎಂಜಿನ್ ನಂಬರು, ಪಕ್ಕದಲ್ಲಿ ಸಹಿ, ಮೊಹರು. ಕೆಲಸ ಮುಗಿಯಿತು.

ಈಗಿನದು 1988ರ ಕಾಯಿದೆ. ಅದರ 52ನೇ ಕಲಮಿಗೆ 2000ದಲ್ಲಿ ತಿದ್ದುಪಡಿ ಬಂತು. ತಯಾರಕರು ಮೊದಲು ನಮೂದಿಸಿದ ವಿವರಗಳಿಗೆ ಆರ್.ಸಿ.ಯ ವಿವರ ವ್ಯತ್ಯಾಸವಾಗುವಂತೆ ಮಾಲೀಕ ವಾಹನವನ್ನು ಬದಲಾಯಿಸುವಂತಿಲ್ಲ ಎಂದಾಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಮಾತನ್ನು ಗಟ್ಟಿಗೊಳಿಸಿತು. ಆ ಮೊಕದ್ದಮೆ ಹೋದದ್ದು ಕೇರಳದಿಂದಲೇ. ಹೈಕೋರ್ಟ್ ತೋರಿದ್ದ ಸಡಿಲಿಕೆಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ.

ಕಾಯಿದೆಯಲ್ಲಿ ಕಿಟಕಿಗಳೇ ಇಲ್ಲವೆಂದಲ್ಲ. ಅನುಮೋದಿತ ಕಿಟ್ ಹಾಕಿ ಗ್ಯಾಸಿಗೋ ಬ್ಯಾಟರಿಗೋ ಬದಲಾಯಿಸಬಹುದು. ಹತ್ತಕ್ಕೆ ಕಡಿಮೆಯಿಲ್ಲದಷ್ಟು ಸಾರಿಗೆ ವಾಹನಗಳಿರುವವರಿಗೆ, ಅದೇ ತಯಾರಿಕೆಯ ಅದೇ ಬಗೆಯ ಎಂಜಿನನ್ನು ಮುಂಗಡ ಒಪ್ಪಿಗೆಯಿಲ್ಲದೆ ಹಾಕಿಕೊಳ್ಳಲು ರಾಜ್ಯ ಸರಕಾರ ಅವಕಾಶ ಕೊಡಬಹುದು. ಹತ್ತು ಲಾರಿಯ ಧಣಿಗೆ ತೆರೆಯಬಹುದಾದ ಬಾಗಿಲು, ಒಂದೇ ಗಾಡಿಯ ಕೃಷಿಕನಿಗೆ ತೆರೆಯುವುದಿಲ್ಲ.

ಹಾಗಾದರೆ ಬ್ರೇಕು? ‘ಬದಲಾವಣೆ’ ಎಂದರೆ ವಾಹನದ ಮೂಲ ಲಕ್ಷಣವೇ ಬೇರೆಯಾಗುವಂಥ ರಚನೆಯ ಬದಲಾವಣೆ ಎಂದು ಕಲಮಿನ ವಿವರಣೆ ಹೇಳುತ್ತದೆ. ಡ್ರಮ್ ತೆಗೆದು ಡಿಸ್ಕ್ ಹಾಕಿದರೆ ಮೂಲ ಲಕ್ಷಣ ಬದಲಾಯಿತೇ? ಒಬ್ಬ ಇನ್‌ಸ್ಪೆಕ್ಟರು ಹೌದೆನ್ನಬಹುದು, ಮತ್ತೊಬ್ಬರು ಇಲ್ಲವೆನ್ನಬಹುದು. ಜೀವ ಉಳಿಸುವ ಬದಲಾವಣೆಯೂ ಅಧಿಕಾರಿಯ ಮನಸ್ಸಿನ ಮೇಲೆ ನಿಂತಿದೆ.

ಸರಕು ವಾಹನವಾದ್ದರಿಂದ ಇದಕ್ಕೆ ವರ್ಷ ವರ್ಷವೂ ಅರ್ಹತಾ ಪತ್ರ, ಅಂದರೆ ಜನ ಹೇಳುವ ‘ಎಫ್.ಸಿ.’ ಬೇಕು. ಎಂಜಿನ್ ನಂಬರು ತಾಳೆಯಾಗದಿದ್ದರೆ ಅದು ಸಿಗುವುದಿಲ್ಲ. ಎಫ್.ಸಿ. ಗಾಡಿಗೆ ಎಫ್.ಸಿ. ಇಲ್ಲ ಎಂಬ ಸ್ಥಿತಿ!

ಗಾಜಿನ ಕಪಾಟಿನ ವಿಂಟೇಜ್

‘ವಿಂಟೇಜ್ ಅಂತ ಬರೆಸಿಕೊಳ್ಳಿ’ ಎಂಬ ಸಲಹೆ ಕೊಡುವವರಿದ್ದಾರೆ. ಕೇಂದ್ರ ಸರಕಾರ 2021ರ ಜುಲೈಯಲ್ಲಿ ಇದಕ್ಕೆ ನಿಯಮ ತಂದದ್ದು ನಿಜ. 50 ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ನೋಂದಣಿ, ಹೊಸದಾಗಿ ಮಾಡಿಸಲು 20,000 ರೂಪಾಯಿ, ಹತ್ತು ವರ್ಷದ ಅವಧಿ, ನವೀಕರಣಕ್ಕೆ 5,000. ಮೊದಲೇ ನೋಂದಣಿಯಾದ ವಾಹನ ತನ್ನ ಹಳೆಯ ನಂಬರನ್ನು ಉಳಿಸಿಕೊಳ್ಳಬಹುದು. ಕೇಳಲು ಚೆನ್ನಾಗಿದೆ.

ಆದರೆ ಷರತ್ತು ನೋಡಿ. ಚಾಸಿ, ಮೈಕಟ್ಟು, ಎಂಜಿನ್ ಮೂಲದಂತೆಯೇ ಇರಬೇಕು. ನಮ್ಮ ಗಾಡಿಯ ಎಂಜಿನ್ ನಾಲ್ಕು ದಶಕಗಳ ಹಿಂದೆಯೇ, ಅದೂ ಸರಕಾರಿ ಮೊಹರಿನೊಂದಿಗೆ ಬದಲಾಗಿದೆ. ಪ್ರದರ್ಶನ, ರ್‍ಯಾಲಿ, ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಇವಿಷ್ಟಕ್ಕೆ ಮಾತ್ರ ರಸ್ತೆಗಿಳಿಸಬೇಕು. ಮೇಲಾಗಿ ಈ ನಿಯಮ ಇರುವುದು ಸ್ವಂತ ಬಳಕೆಯ ಸಾರಿಗೆಯೇತರ ವಾಹನಗಳಿಗೆ. ಅರಮನೆಯ ಕಾರಿಗೆ ಇದು ಸರಿ. ಅಡಿಕೆ ಹೊರುವ ಪಿಕಪ್‌ಗೆ ಅಲ್ಲ.

ಗಡಿಯ ತೊಡಕು

ಗಡಿಯವರಿಗೆ ಇದರ ಮೇಲೆ ಇನ್ನೊಂದು ಹೊರೆ. ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ಹೊಸ ನಂಬರು ಪಡೆಯಬೇಕೆಂದು 47ನೇ ಕಲಮು ಹೇಳುತ್ತದೆ. ಅದಕ್ಕೆ ಮೊದಲಿನ ರಾಜ್ಯದ ನಿರಾಕ್ಷೇಪಣಾ ಪತ್ರ ಬೇಕು. ಸೋದರಮಾವನ ಮನೆ ಕರ್ನಾಟಕದಲ್ಲಿ, ಅಳಿಯನ ತೋಟ ಕೇರಳದಲ್ಲಿ. ನಡುವೆ ಅರ್ಧ ಗಂಟೆಯ ದಾರಿ. ಆದರೆ ಕಡತಕ್ಕೆ ಅದು ಎರಡು ರಾಜ್ಯಗಳ ದಾರಿ. ಒಂದು ಕಚೇರಿಯಲ್ಲಿ ಕನ್ನಡದ ಕೈಬರಹದ ಹಳೆಯ ದಾಖಲೆ, ಇನ್ನೊಂದರಲ್ಲಿ ಅದನ್ನು ಓದುವವರೇ ಇಲ್ಲ. 1980ರ ದಶಕದ ಆ ಎಂಜಿನ್ ಬದಲಾವಣೆಯ ನಮೂದು ಗಣಕಯಂತ್ರಕ್ಕೆ ಏರಿಲ್ಲದಿದ್ದರೆ, ಅಂದು ಕಾನೂನುಬದ್ಧವಾಗಿ ಮಾಡಿದ ಕೆಲಸವೂ ಇಂದು ಅಪರಾಧದಂತೆ ಕಾಣುತ್ತದೆ.

ಫಲಿತಾಂಶ ಏನು? ಕೆಲವರು ಗಾಡಿಯನ್ನು ಗುಜರಿಗೆ ತೂಕಕ್ಕೆ ಕೊಡುತ್ತಾರೆ. ಕೆಲವರು ತೋಟದೊಳಗೇ ಓಡಿಸುತ್ತಾರೆ. ಇನ್ನು ಕೆಲವರು ಯಾರಿಗೂ ಹೇಳದೆ ಎಂಜಿನ್ ಬದಲಾಯಿಸಿ, ಹಳೆಯ ಬ್ರೇಕಿನಲ್ಲೇ ರಸ್ತೆಗಿಳಿಯುತ್ತಾರೆ. ಅಪಾಯ ಇರುವುದು ಈ ಮೂರನೆಯವರಿಂದ. ಇವರ ಗಾಡಿಯನ್ನು ಯಾರೂ ಪರೀಕ್ಷಿಸುವುದಿಲ್ಲ, ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲು ಕಾರಣವೂ ಸಿಗುತ್ತದೆ.

ಇನ್ನೊಂದು ಮಗ್ಗುಲು

ಸರಕಾರದ ಭಯ ಸುಮ್ಮನೆ ಹುಟ್ಟಿದ್ದಲ್ಲ. ‘ಎಲ್ಲರೂ ಬೇಕಾದ ಹಾಗೆ ಬದಲಾಯಿಸಿಕೊಳ್ಳಿ’ ಎಂದರೆ ಕದ್ದ ಎಂಜಿನಿಗೂ ದಾಖಲೆ ಹುಟ್ಟಿಕೊಳ್ಳುತ್ತದೆ, ಒಂದರ ಚಾಸಿಗೆ ಇನ್ನೊಂದರ ಆರ್.ಸಿ. ಅಂಟಿಕೊಳ್ಳುತ್ತದೆ. ಭಾರಿ ಟಯರು, ಎತ್ತರಿಸಿದ ಮೈ, ಕಣ್ಣು ಕುಕ್ಕುವ ದೀಪ ಹಾಕಿಕೊಂಡು ಶೋಕಿಗೆ ತಿರುಗುವ ಜೀಪುಗಳನ್ನೂ ನೋಡಿದ್ದೇವೆ.

2023ರ ಆಗಸ್ಟ್ 25ರಂದು ವಯನಾಡಿನ ಮಾನಂದವಾಡಿ ಬಳಿ ಚಹಾ ತೋಟದ ಕೆಲಸಗಾರರಿದ್ದ ಜೀಪು ಕಂದಕಕ್ಕೆ ಉರುಳಿ ಒಂಬತ್ತು ಮಂದಿ ಮಹಿಳೆಯರು ಪ್ರಾಣ ಕಳೆದುಕೊಂಡರು. ಆ ಜೀಪಿನಲ್ಲಿ ಬದಲಾವಣೆ ಮಾಡಲಾಗಿತ್ತೆಂದು ಇಲ್ಲಿ ಹೇಳುತ್ತಿಲ್ಲ. ಗುಡ್ಡಗಾಡಿನಲ್ಲಿ ಜೀಪು ಎಂದರೆ ಬಡವರ ಬಸ್ಸು, ಅದರ ಬ್ರೇಕು ಮತ್ತು ಸ್ಟೇರಿಂಗ್ ಯಾರೋ ಒಬ್ಬರ ಹವ್ಯಾಸದ ವಿಷಯವಲ್ಲ ಎಂಬುದನ್ನು ನೆನಪಿಸಲು ಹೇಳಿದ್ದು. ಸುರಕ್ಷತೆಯೇ ಮುಖ್ಯವಾದರೆ ಪರೀಕ್ಷೆ ಬೇಕು. ಬರೀ ನಿಷೇಧದಿಂದ ಪರೀಕ್ಷೆ ನಡೆಯುವುದಿಲ್ಲ.

ದಾರಿ ಇದೆ

ಬೇರೆ ದೇಶಗಳು ಇದನ್ನು ಹೇಗೆ ಬಿಡಿಸಿಕೊಂಡಿವೆ? ಬ್ರಿಟನ್ನಿನಲ್ಲಿ ಬಹುಕಾಲ ಅಂಕಗಳ ಪದ್ಧತಿಯಿತ್ತು. ಬದಲಾಗದ ಚಾಸಿಗೆ 5 ಅಂಕ. ಸಸ್ಪೆನ್ಷನ್, ಆಕ್ಸಲ್, ಗೇರ್ ವ್ಯವಸ್ಥೆ, ಸ್ಟೇರಿಂಗ್ ತಲಾ 2. ಎಂಜಿನಿಗೆ 1. ಒಟ್ಟು 14ರಲ್ಲಿ 8 ಉಳಿದರೆ ಹಳೆಯ ನಂಬರು ಉಳಿಯುತ್ತಿತ್ತು. ಉಳಿಯದಿದ್ದರೆ ಆ ಒಂದೇ ವಾಹನಕ್ಕೆ ಪ್ರತ್ಯೇಕ ಪರೀಕ್ಷೆ. 2025ರ ಆಗಸ್ಟ್‌ನಲ್ಲಿ ಹಳೆಯ ವಾಹನಗಳ ಮಟ್ಟಿಗೆ ಇದನ್ನು ಇನ್ನಷ್ಟು ಸಡಿಲಿಸಿದರು. ಆ ಅಂಕದ ಲೆಕ್ಕದಲ್ಲಿ ನಮ್ಮ ಪಿಕಪ್ ಎಂಜಿನಿಗೆ 1, ಗೇರಿಗೆ 2, ಸ್ಟೇರಿಂಗಿಗೆ 2 ಕಳೆದುಕೊಂಡರೂ 9 ಉಳಿಯುತ್ತದೆ. ಅಂದರೆ ಪಾಸು. ನಮ್ಮಲ್ಲಿ ಇಡೀ ಗಾಡಿಯ ಹಣೆಬರಹ ನಿರ್ಧರಿಸುವ ಎಂಜಿನಿಗೆ ಅಲ್ಲಿ ಅತಿ ಕಡಿಮೆ ಅಂಕ! ಆಸ್ಟ್ರೇಲಿಯದಲ್ಲಿ ದೊಡ್ಡ ಬದಲಾವಣೆಗೆ ಮಾನ್ಯತೆ ಪಡೆದ ಎಂಜಿನಿಯರರ ಪ್ರಮಾಣಪತ್ರ ಬೇಕು. ಸಹಿ ಹಾಕಿದವನೇ ಹೊಣೆ.

ನಮ್ಮಲ್ಲೂ ಇದಕ್ಕೆ ಸಾಧನವಿಲ್ಲದಿಲ್ಲ. 2021ರ ನಿಯಮಗಳ ಪ್ರಕಾರ ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳು ಬರುತ್ತಿವೆ. ರೋಲರಿನ ಮೇಲೆ ಚಕ್ರ ನಿಲ್ಲಿಸಿ ಬ್ರೇಕಿನ ಶಕ್ತಿ ಅಳೆಯುವ ಯಂತ್ರ ಅಲ್ಲಿದೆ. ಅದೇ ಯಂತ್ರದ ಮೇಲೆ ಬದಲಾಯಿಸಿದ ಹಳೆಯ ಗಾಡಿಯನ್ನೂ ನಿಲ್ಲಿಸಲಿ. ಎಂಜಿನ್ ಖರೀದಿಯ ರಶೀದಿ ಮತ್ತು ಮೂಲ ಪೊಲೀಸ್ ದಾಖಲೆಯಲ್ಲಿ ಪರಿಶೀಲನೆಯಾಗಲಿ. ಮುಂದಿನ ಹಾಗೂ ಹಿಂದಿನ ಆಕ್ಸಲಿನ ಭಾರ ಬೇರೆ ಬೇರೆ ತೂಗಲಿ. ಬ್ರೇಕು ಮತ್ತು ಸ್ಟೇರಿಂಗ್ ಪಾಸಾಗದೆ ಹೊಸ ಎಂಜಿನ್ ನಂಬರು ದಾಖಲಾಗದಿರಲಿ. ಬೇಕಿದ್ದರೆ ವೇಗಕ್ಕೆ, ದೂರಕ್ಕೆ, ಪ್ರಯಾಣಿಕರನ್ನು ಕೂರಿಸುವುದಕ್ಕೆ ಮಿತಿ ಹಾಕಲಿ. ಒಂದು ರಾಜ್ಯ ಕೊಟ್ಟ ಪತ್ರವನ್ನು ಪಕ್ಕದ ರಾಜ್ಯ ಒಪ್ಪಲಿ. ಕೆಲವು ವಾಹನಗಳಿಗೆ ವಿನಾಯಿತಿ ಕೊಡುವ ಅಧಿಕಾರ 52ನೇ ಕಲಮಿನಲ್ಲೇ ಕೇಂದ್ರಕ್ಕಿದೆ. ಕೇಳಬೇಕಾದವರು ನಮ್ಮ ಸಂಸದರು, ಕೃಷಿಕರ ಸಂಘಗಳು.

ಅಲ್ಲಿಯವರೆಗೆ ಹಳೆಯ ಗಾಡಿ ಇರುವವರಿಗೆ ಎರಡು ಮಾತು. ಹಳೆಯ ಆರ್.ಸಿ. ಪುಸ್ತಕವನ್ನು ಎಸೆಯಬೇಡಿ, ಬದಲಾವಣೆಯ ಹಳೆಯ ನಮೂದು ಅದರಲ್ಲಿದ್ದರೆ ಗಣಕಯಂತ್ರದ ದಾಖಲೆಗೆ ಸೇರಿದೆಯೇ ಎಂದು ನೋಡಿ. ಎಂಜಿನ್ ಕೈಕೊಟ್ಟರೆ ಅದೇ ಬಗೆಯದನ್ನು ಹುಡುಕಿ, ಲಿಖಿತ ಒಪ್ಪಿಗೆ ಕೈಗೆ ಬಾರದೆ ಪಾನ ಹಿಡಿಯಬೇಡಿ.

ತೋಟದ ಅಂಗಳದ ಆ ಪಿಕಪ್ ಸದ್ಯಕ್ಕೆ ತಾರ್ಪಾಲಿನಡಿಯಲ್ಲೇ ಇದೆ. ಗುಜರಿಯವರು ಎರಡು ಸಲ ಬಂದು ತೂಕದ ಲೆಕ್ಕ ಹೇಳಿ ಹೋಗಿದ್ದಾರೆ. ‘ಕೊಡ್ಲಿಕ್ಕೆ ಮನಸ್ಸು ಬರುದಿಲ್ಲ ಮಾರಾಯ್ರೇ, ಇಟ್ಟುಕೊಳ್ಲಿಕ್ಕೆ ಕಾನೂನು ಬಿಡುದಿಲ್ಲ’ ಎನ್ನುತ್ತಾರೆ ಮಾಲೀಕರು. ಮುಂದಿನ ಮಳೆಗಾಲದೊಳಗೆ ಒಂದು ತೀರ್ಮಾನಕ್ಕೆ ಬರಲೇಬೇಕು. ತುಕ್ಕು ಯಾವ ಸುತ್ತೋಲೆಗೂ ಕಾಯುವುದಿಲ್ಲ.